ಬಲಮೂಲೆಯ ಗುಂಡುಸೂಜಿ

ಸೋಮವಾರದ ಟಪಾಲಿನಲ್ಲಿ ಬಂದ ಹದಿನೇಳು ಲಕೋಟೆಗಳ ಪೈಕಿ ಒಂಬತ್ತನೆಯದನ್ನು ಒಡೆದು ಓದಿದ ಮೇಲೆ ಟಪಾಲಕ್ಕನಿಗೆ ಮೊಹರು ಒತ್ತಲು ಕೈಯೇ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಆಗ ಹತ್ತು ಗಂಟೆ ಹತ್ತು ನಿಮಿಷ. ಚಹಾದ ಲೋಟವನ್ನು ಮೇಜಿನ ಮೇಲಿಟ್ಟ ಜವಾನ ಆಕೆಯ ಮುಖ ನೋಡಿ ಅಲ್ಲೇ ನಿಂತ.

"ಯಾಕಕ್ಕ, ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲಪ್ಪ, ಬರ್ತಾ ಇದ್ದಾರೆ."

ಇಪ್ಪತ್ತೇಳು ವರ್ಷಗಳಿಂದ ಆ ಹೆರಿಗೆ ಆಸ್ಪತ್ರೆಗೆ ಬಂದ ಪ್ರತಿಯೊಂದು ಕಾಗದವೂ ಮೊದಲು ಆಕೆಯ ಕೈಗೇ ಬಂದಿತ್ತು. ಲಕೋಟೆ ಒಡೆಯುವುದು, ಕಾಗದದ ಬಲಗಡೆಯ ಮೇಲ್ಮೂಲೆಯಲ್ಲಿ ದಿನಾಂಕದ ಮೊಹರು ಒತ್ತುವುದು, ಮೊಹರಿನೊಳಗೆ ಆವಕ ಸಂಖ್ಯೆ ಬರೆಯುವುದು, ಆ ಸಂಖ್ಯೆಯನ್ನು ದಪ್ಪ ಪುಸ್ತಕದಲ್ಲಿ ದಾಖಲಿಸಿ ಕಾಗದವನ್ನು ಸೇರಬೇಕಾದ ಮೇಜಿಗೆ ಸೇರಿಸುವುದು. ಇದೇ ಆಕೆಯ ಉದ್ಯೋಗ. ಹಾಗಾಗಿ ವೈದ್ಯರಿಂದ ಹಿಡಿದು ಬಟ್ಟೆ ಒಗೆಯುವವರ ತನಕ ಎಲ್ಲರ ಬಾಯಲ್ಲೂ ಆಕೆ ಟಪಾಲಕ್ಕ. ಒಂದು ದಿನವೂ ಒಂದು ಸಂಖ್ಯೆಯನ್ನೂ ಆಕೆ ತಪ್ಪಿಸಿದವಳಲ್ಲ. ಇದು ಹೊಗಳಿಕೆಯಲ್ಲ, ಪರಿಶೀಲಿಸಿದ ಸಂಗತಿ. ಮುಂದೆ ನಡೆದದ್ದಕ್ಕೆಲ್ಲ ಈ ಗುಣವೇ ಕಾರಣವಾದ್ದರಿಂದ ಇಲ್ಲಿ ಹೇಳಬೇಕಾಯಿತು.

ಪತ್ರ ಒಂದೂವರೆ ಪುಟದ್ದು. ಸಾರ್ವಜನಿಕ ಬೊಕ್ಕಸದಿಂದ ಅನುದಾನ ಪಡೆಯುವ ಯಾವ ಸಂಸ್ಥೆಯೂ, ಅದು ಆಸ್ಪತ್ರೆಯಿರಲಿ, ಶಾಲೆಯಿರಲಿ, ಅನಾಥಾಲಯವಿರಲಿ, ನೌಕರರನ್ನು ನೇಮಿಸುವಾಗ ಹುಟ್ಟು, ವಾಸದ ಜಾಗ, ನಂಬಿಕೆ, ಲಿಂಗ, ಅಂಗವೈಕಲ್ಯಗಳ ಕಾರಣಕ್ಕೆ ಯಾರನ್ನೂ ದೂರವಿಡಕೂಡದೆಂಬ ಕಾಯಿದೆ ಜಾರಿಗೆ ಬಂದು ಅಂದಿಗೆ ಏಳು ತಿಂಗಳು. ಅದರ ಒಂಬತ್ತನೆಯ ಕಲಮಿನ ಪ್ರಕಾರ ತನಿಖಾಧಿಕಾರಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುವುದಾಗಿಯೂ, ಕಳೆದ ಐದು ವರ್ಷಗಳಲ್ಲಿ ಬಂದ ಉದ್ಯೋಗದ ಅರ್ಜಿಗಳು, ಆವಕ ಪುಸ್ತಕ ಮತ್ತು ಈಗ ಸೇವೆಯಲ್ಲಿರುವವರ ನೇಮಕದ ಕಡತಗಳನ್ನು ತೆರೆದಿಡಬೇಕೆಂದೂ ಪತ್ರ ತಿಳಿಸಿತ್ತು. ಆ ಆಸ್ಪತ್ರೆಯಲ್ಲಿ ಹತ್ತು ನೌಕರರಿದ್ದರೆ ಏಳು ಮಂದಿಯ ಸಂಬಳ ಬೊಕ್ಕಸದ್ದು. ಸಂಬಳ ಮಾತ್ರ ಎಲ್ಲರ ತೆರಿಗೆಯಿಂದ. ಕೆಲಸ ಮಾತ್ರ ಕೆಲವರಿಗೆ. ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದು ಹೊರಗಿನವರಿಗೆ ತಿಳಿದಿರಲಿಲ್ಲ, ಏಕೆಂದರೆ ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಅದು ಒಂದು ಗುಂಡುಸೂಜಿಯಲ್ಲಿತ್ತು.

ಊರನ್ನು ರೈಲು ಹಳಿ ಎರಡಾಗಿ ಸೀಳಿತ್ತು. ಈಚೆ ಆಸ್ಪತ್ರೆ, ಕಚೇರಿಗಳು, ಅಂಗಡಿ ಸಾಲು. ಆಚೆ ಚರ್ಮ ಹದಮಾಡುವವರ, ಚರಂಡಿ ತೆಗೆಯುವವರ, ಮೂಟೆ ಹೊರುವವರ ಮನೆಗಳು. ಅಲ್ಲಿಯವರಿಗೆ ಈಚೆಯವರು ಇಟ್ಟ ಹೆಸರು ಹಳಿಯಾಚೆಯವರು. ಅರ್ಜಿಯೊಡನೆ ಪ್ರಮಾಣಪತ್ರಗಳನ್ನು ಸೇರಿಸಿ ಗುಂಡುಸೂಜಿ ಚುಚ್ಚುವಾಗ ಈಚೆಯವರ ಅರ್ಜಿಗೆ ಎಡಮೂಲೆಯಲ್ಲಿ, ಹಳಿಯಾಚೆಯವರ ಅರ್ಜಿಗೆ ಬಲಮೂಲೆಯಲ್ಲಿ ಚುಚ್ಚಬೇಕೆಂದು ಈಗಿನ ಕಾರ್ಯದರ್ಶಿಗಳ ತಂದೆಯವರ ಕಾಲದಲ್ಲಿ ಬಾಯಿಮಾತಿನ ಆಜ್ಞೆಯಾಗಿತ್ತು. ಬಲಮೂಲೆಯ ಅರ್ಜಿಗಳನ್ನು ಯಾರೂ ಓದುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆ, ರೈಲ್ವೆ ಗೇಟು ಹಾಕಿದರೆ ಪಾಪ ಅವರು ಹೊತ್ತಿಗೆ ಸರಿಯಾಗಿ ಬರಲಾರರು ಎಂಬ ಉತ್ತರವಿತ್ತು. ಹೆರಿಗೆ ನೋವು ತಿನ್ನುತ್ತ ಅದೇ ಗೇಟಿನಲ್ಲಿ ಕಾದು ಬರುವ ಆಚೆಯ ಹೆಂಗಸರಿಗೆ ಆಸ್ಪತ್ರೆಯ ಬಾಗಿಲು ತೆರೆದೇ ಇತ್ತು. ಹಾಸಿಗೆ ತುಂಬಿದಷ್ಟೂ ಅನುದಾನ ಬರುತ್ತಿತ್ತಲ್ಲ. ಹೆರಲು ಬರಬಹುದು, ಹೆರಿಗೆ ಮಾಡಿಸಲು ಬರಬಾರದು. ನಾಚಿಕೆಯಿರುವ ಯಾರೂ ಇಂಥ ನಿಯಮವನ್ನು ಕಾಗದಕ್ಕೆ ಇಳಿಸಲಾರರು. ಅವರೂ ಇಳಿಸಿರಲಿಲ್ಲ.

ಇಪ್ಪತ್ತೇಳು ವರ್ಷ ಆ ಸೂಜಿ ಚುಚ್ಚಿದ ಕೈ ಟಪಾಲಕ್ಕನದು. ಮತ್ತು ಟಪಾಲಕ್ಕ ಹುಟ್ಟಿದ್ದು ಹಳಿಯಾಚೆ.

ಈ ಸಂಗತಿ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಆಕೆ ನಂಬಿದ್ದಳು. ಕೆಲಸಕ್ಕೆ ಅರ್ಜಿ ಹಾಕುವಾಗ ಈಚೆಯ ಬಾಡಿಗೆ ಮನೆಯಲ್ಲಿದ್ದ ಚಿಕ್ಕಮ್ಮನ ವಿಳಾಸ ಕೊಟ್ಟಿದ್ದಳು. ಮದುವೆಯಾಗಿ ಗಡಿಯಾರ ರಿಪೇರಿ ಮಾಡುವ ಗಂಡನೊಡನೆ ಈಚೆಯೇ ಮನೆ ಮಾಡಿದಳು. ತಾಯಿ ಬದುಕಿರುವ ತನಕ ತಾಯಿಯನ್ನು, ಆಮೇಲೆ ತಂಗಿಯನ್ನು ನೋಡಲು ಹೋಗುವಾಗೆಲ್ಲ ಬಸ್ಸಿನಿಂದ ಒಂದು ನಿಲ್ದಾಣ ಮುಂಚೆಯೇ ಇಳಿದು, ಸೌದೆ ಡಿಪೋದ ಹಿಂದಿನ ಕಾಲುಸೇತುವೆ ಹತ್ತಿ, ಹಿತ್ತಲ ಓಣಿಯಿಂದ ಒಳಗೆ ಸೇರುತ್ತಿದ್ದಳು. ಗೇಟಿನಲ್ಲಿ ಕಾದು ನಿಂತವಳನ್ನು ಯಾರಾದರೂ ಕಂಡರೆ? ಈ ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನುಷ್ಯ ಇಪ್ಪತ್ತೇಳು ವರ್ಷ ಉಂಡು ಮಲಗಬಹುದೆಂಬುದಕ್ಕೆ ಆಕೆಯೇ ಸಾಕ್ಷಿ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅಷ್ಟು ದಿನ ದಾಟಿದರೆ ಗೆದ್ದೆ ಎಂದು ಆಕೆ ಗೋಡೆಯ ಕ್ಯಾಲೆಂಡರನ್ನು ದಿನವೂ ನೋಡುತ್ತಿದ್ದಳು.

ಇದಕ್ಕಿಂತ ಭಾರವಾದ ಇನ್ನೊಂದು ಕಾಗದ ಆ ಅರ್ಜಿಗಳ ಕಪಾಟಿನಲ್ಲಿತ್ತು. ಒಂದಲ್ಲ, ಎರಡು. ಆಕೆಯ ತಂಗಿಯ ಮಗಳು ದಾದಿಯ ತರಬೇತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿ ಎರಡು ಸಲ ಅರ್ಜಿ ಹಾಕಿದ್ದಳು. ಎರಡನೆಯದು ಹೊಸ ಕಾಯಿದೆ ಬಂದ ನಾಲ್ಕು ತಿಂಗಳ ಮೇಲೆ. ಎರಡಕ್ಕೂ ಬಲಮೂಲೆಯಲ್ಲಿ ಸೂಜಿ ಚುಚ್ಚಿದವಳು ಸ್ವಂತ ದೊಡ್ಡಮ್ಮ. "ಜಾಗ ಮೊದಲೇ ಭರ್ತಿ ಆಗಿತ್ತಂತೆ ಮಗಳೇ" ಎಂದು ಹೇಳಿ ಬಂದವಳೂ ಅವಳೇ. ಹುಡುಗಿ ಈಗ ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಅಲೆದು ದೂರದ ಒಂದು ಖಾಸಗಿ ದವಾಖಾನೆಯಲ್ಲಿ ದುಡಿಯುತ್ತಿದ್ದಳು.

ಪತ್ರಕ್ಕೆ ಕೊನೆಗೂ ಮೊಹರು ಬಿತ್ತು, ಸ್ವಲ್ಪ ಓರೆಯಾಗಿ. ಟಪಾಲಕ್ಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಕಾರ್ಯದರ್ಶಿಗಳ ಕೋಣೆಗೆ ಹೋದಳು.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಬಾಗಿಲು ಹಾಕ್ಕೊಳ್ಳಿ," ಎಂದರು. "ಬಲಗಡೆ ಇರೋ ಸೂಜಿ ಎಲ್ಲಾ ಕಿತ್ತು ಎಡಗಡೆ ಚುಚ್ಚಿಬಿಡಿ. ಗುರುವಾರಕ್ಕೆ ಇನ್ನೂ ಹೊತ್ತಿದೆ."

"ತೂತು ಉಳಿಯುತ್ತೆ ಸರ್. ಸೂಜಿ ತುಕ್ಕು ಹಿಡಿದು ಸುತ್ತ ಕೆಂಪು ಕಲೆನೂ ಬಿದ್ದಿದೆ."

"ಹಾಗಾದ್ರೆ ಆ ಮೂಲೆನೇ ಕತ್ತರಿಸಿ ಬಿಸಾಕಿ."

ಆಗ ಟಪಾಲಕ್ಕನ ಬಾಯಿಂದ ಬಂದ ಮಾತನ್ನು ಆಕೆ ಮುಂದೆ ಬಹಳ ಸಲ ನೆನೆದು ಬೆವರಿದಳು. "ಅವಕ್ಕೆ ಮಾತ್ರ ಕತ್ತರಿಸಿದ್ರೆ ಕತ್ತರಿಸಿದ್ದೇ ಗುರುತಾಗುತ್ತೆ ಸರ್. ಎಲ್ಲದಕ್ಕೂ ಕತ್ತರಿಸಬೇಕು."

ಕಾರ್ಯದರ್ಶಿಗಳ ಮುಖ ಅರಳಿತು. "ನೋಡಿ, ಇದಕ್ಕೇ ನಿಮ್ಮನ್ನ ಕಂಡ್ರೆ ನನಗೆ ಗೌರವ. ತುಂಡುಗಳನ್ನ ಬಟ್ಟೆ ಕುದಿಸೋ ಒಲೆಗೆ ಹಾಕಿಸಿ. ಯಾರಾದ್ರೂ ಕೇಳಿದ್ರೆ ಇಲಿ." ಆಕೆ ಬಾಗಿಲ ತನಕ ಹೋದಾಗ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ನೌಕರರ ಕಡತಗಳನ್ನೂ ನೋಡ್ತಾರಂತೆ. ನಿಮ್ಮದೂ ಆ ಕಪಾಟಲ್ಲೇ ಇದೆ, ಅಲ್ವಾ?"

ಅವರಿಗೆ ತಿಳಿದಿತ್ತೇ, ಅಥವಾ ಅದು ಬರಿಯ ಮಾತೇ? ಇದು ಕೊನೆಯ ತನಕ ಇತ್ಯರ್ಥವಾಗಲಿಲ್ಲ. ಆಕೆ ಕಾರಿಡಾರಿಗೆ ಬಂದು ಗೋಡೆ ಹಿಡಿದು ನಿಂತಳು. ಪಕ್ಕದ ವಾರ್ಡಿನಲ್ಲಿ ಆಗತಾನೇ ಹುಟ್ಟಿದ ಯಾವುದೋ ಮಗು ಕಿರಿಚುತ್ತಿತ್ತು.

ಮಂಗಳವಾರ, ಬುಧವಾರ ಎರಡು ದಿನ ದಾಖಲೆ ಕೋಣೆಯಲ್ಲಿ ಕತ್ತರಿಯ ಸದ್ದು. ಅರ್ಜಿಗಳು ಒಟ್ಟು ನಾನೂರ ಹನ್ನೆರಡು. ಬಲಮೂಲೆಯಲ್ಲಿ ಸೂಜಿಯಿದ್ದವು ನೂರ ಮೂವತ್ತೊಂದು, ಅವುಗಳಲ್ಲಿ ಕಾಯಿದೆ ಬಂದ ಮೇಲಿನವು ಹತ್ತೊಂಬತ್ತು. ಆ ಸೂಜಿಗಳನ್ನು ಎಡಕ್ಕೆ ಬದಲಿಸಿ, ಅಷ್ಟೂ ಅರ್ಜಿಗಳ ಬಲಮೂಲೆಯನ್ನು ಒಂದೂವರೆ ಅಂಗುಲ ಅಳತೆಯ ತ್ರಿಕೋನವಾಗಿ ಆಕೆ ಕತ್ತರಿಸಿದಳು. ಬಾಗಿಲಲ್ಲಿ ಹೆಜ್ಜೆ ಕೇಳಿದಾಗೆಲ್ಲ ಕತ್ತರಿ ಸೆರಗಿನೊಳಗೆ ಹೋಗುತ್ತಿತ್ತು. ಜವಾನ ಒಮ್ಮೆ ಇಣುಕಿ, "ಏನಕ್ಕ, ದರ್ಜಿ ಕೆಲಸ ಶುರು ಮಾಡಿದ್ರಾ? ನನಗೂ ಒಂದು ಅಂಗಿ ಹೊಲೀರಿ," ಎಂದು ನಕ್ಕ. ಆಕೆ ನಗಲು ಹೋದರೆ ದವಡೆ ಮಾತು ಕೇಳಲಿಲ್ಲ.

ಸಮಸ್ಯೆ ಬಂದದ್ದು ತುಂಡುಗಳ ವಿಷಯದಲ್ಲಿ. ಆವಕ ಮೊಹರು ಬೀಳುತ್ತಿದ್ದುದೂ ಬಲಗಡೆಯ ಮೇಲ್ಮೂಲೆಗೇ. ಎಂದರೆ ಕತ್ತರಿಸಿದ ಪ್ರತಿ ತುಂಡಿನಲ್ಲೂ ಒಂದು ದಿನಾಂಕ, ಒಂದು ಸಂಖ್ಯೆ. ಆವಕ ಸಂಖ್ಯೆ ಬಿದ್ದ ಕಾಗದ, ಅದು ತುಂಡೇ ಆಗಿರಲಿ, ದಾಖಲೆಯಿಲ್ಲದೆ ಕಚೇರಿಯಿಂದ ಹೊರಗೆ ಹೋಗಕೂಡದು. ಇದು ಕೆಲಸಕ್ಕೆ ಸೇರಿದ ಮೊದಲ ವಾರ ಆಗಿನ ಹೆಡ್ ಗುಮಾಸ್ತರು ಆಕೆಗೆ ಕಲಿಸಿದ ಪಾಠ. ಬುಧವಾರ ಮಧ್ಯಾಹ್ನ ತುಂಡುಗಳ ರಾಶಿಯೆದುರು ಕುಳಿತ ಟಪಾಲಕ್ಕನಿಗೆ ಒಲೆಯ ನೆನಪಾಯಿತು, ಮರುಕ್ಷಣ ಇನ್ನೊಂದು ಭಯ ಹಿಡಿಯಿತು. ನಾಳೆ ಯಾರಾದರೂ ನಾನೂರ ಹನ್ನೆರಡು ಸಂಖ್ಯೆಗಳು ಎಲ್ಲಿ ಹೋದವೆಂದು ಕೇಳಿದರೆ? ಹೆದರಿದವರ ಬುದ್ಧಿ ಹಳೆಯ ದಾರಿಯಲ್ಲೇ ಓಡುತ್ತದೆ. ಆಕೆ ತುಂಡುಗಳನ್ನು ಎಣಿಸಿ, ದಪ್ಪ ಲಕೋಟೆಗೆ ತುಂಬಿ, ಬಾಯಿ ಅಂಟಿಸಿ, ಟಪಾಲು ಮೇಜಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಆವಕ ಪುಸ್ತಕ ತೆರೆದು ಅಂದಿನ ಕೊನೆಯ ಸಾಲಿನಲ್ಲಿ ಬರೆದಳು: ಅರ್ಜಿಗಳ ಮೊಹರಿನ ತುಂಡುಗಳು, ನಾನೂರ ಹನ್ನೆರಡು, ಲಕೋಟೆ ಒಂದು. ಕೆಳಗೆ ಸಹಿಯನ್ನೂ ಹಾಕಿದಳು. ತಾನು ಅಡಗಿಸಬೇಕಾದ್ದನ್ನು ತಾನೇ ದಾಖಲು ಮಾಡಿದೆನೆಂಬುದು ಆಗ ಆಕೆಗೆ ಹೊಳೆಯಲಿಲ್ಲ.

ಬಳಿಕ ಹೊಳೆದದ್ದು ತನ್ನ ಸ್ವಂತ ಕಡತ. ಅದರಲ್ಲಿ ಶಾಲೆಯ ಪ್ರಮಾಣಪತ್ರವಿತ್ತು. ವಿಳಾಸ ಚಿಕ್ಕಮ್ಮನದಾದರೂ ಶಾಲೆ ಹಳಿಯಾಚೆಯದು. ಅದೊಂದನ್ನು ಎಳೆದುಬಿಟ್ಟರೆ? ನೌಕರರ ಕಪಾಟಿನಿಂದ ಕಡತ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಆಕೆ ಪ್ರಮಾಣಪತ್ರವನ್ನು ನೋಡಲೇ ಇಲ್ಲ. ನೋಡಿದ್ದು ಅರ್ಜಿಯ ಮೂಲೆಗಳನ್ನು. ಬಲಮೂಲೆಯಲ್ಲಿ ಒಂದು ತೂತು, ಸುತ್ತ ತುಕ್ಕಿನ ಕಲೆ. ಎಡಮೂಲೆಯಲ್ಲಿ ಇನ್ನೊಂದು ತೂತು, ಅದರಲ್ಲಿ ಸೂಜಿ.

ಆಕೆಯ ಅರ್ಜಿಯನ್ನು ಯಾರೋ ಮೊದಲು ಬಲಕ್ಕೆ ಚುಚ್ಚಿದ್ದರು. ಕಲೆ ಬೀಳುವಷ್ಟು ದಿನ ಅದು ಅಲ್ಲಿತ್ತು. ಆಮೇಲೆ ಯಾರೋ ಅದನ್ನು ಎಡಕ್ಕೆ ತಂದಿದ್ದರು. ಆ ಕಾಲದಲ್ಲಿ ಸೂಜಿ ಚುಚ್ಚುತ್ತಿದ್ದವರು ಒಬ್ಬರೇ.

ಸಂಜೆ ಐದೂವರೆಗೆ ಟಪಾಲಕ್ಕ ಹಳೆಯ ಹೆಡ್ ಗುಮಾಸ್ತರ ಮನೆಯ ಮೆಟ್ಟಿಲು ಹತ್ತಿದಳು. ಎಂಬತ್ತನಾಲ್ಕು ವಯಸ್ಸಿನ ಅವರು ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಮಗಳು ಅಳಿಯನ ಜೊತೆಗಿದ್ದರು. ಕಿವಿಯಲ್ಲಿ ಶ್ರವಣಯಂತ್ರ, ತೊಡೆಯ ಮೇಲೆ ಗಂಟುಬಿದ್ದ ಹುರಿಯ ಉಂಡೆ. ಗಂಟು ಬಿಚ್ಚಿ ಬಿಚ್ಚಿ ಸುತ್ತುತ್ತಿದ್ದರು.

"ಯಾರು?"

"ನಾನು ಸರ್, ಟಪಾಲು."

"ಈ ಹೊತ್ತಲ್ಲಿ ಟಪಾಲು ಬರಲ್ವಲ್ಲಮ್ಮ! ಬಾ, ಕೂತ್ಕೋ. ಏನು ಮುಖ ಸುಣ್ಣ ಬಳಿದ ಹಾಗಾಗಿದೆ?"

ಆಕೆ ಪೀಠಿಕೆ ಹಾಕಲಿಲ್ಲ. "ಸರ್, ನನ್ನ ಅರ್ಜೀಲಿ ಎರಡು ತೂತಿವೆ."

ಮುದುಕರು ಹುರಿ ಸುತ್ತುವುದನ್ನು ನಿಲ್ಲಿಸಿದರು. "ಎರಡಲ್ಲ, ಸರಿಯಾಗಿ ನೋಡು, ಮೂರಿರಬೇಕು. ಎಡಗಡೆ ಚುಚ್ಚೋವಾಗ ಕೈ ನಡುಗಿ ಒಂದು ಪಕ್ಕಕ್ಕೆ ಹೋಯ್ತು. ದೊಡ್ಡ ಯಜಮಾನರು, ಈಗಿನ ಕಾರ್ಯದರ್ಶಿ ಅಪ್ಪ, ಪಕ್ಕದ ಕೋಣೇಲೇ ಕೆಮ್ಮುತಾ ಇದ್ರು. ಆವತ್ತು ನನಗೆ ಉಸಿರೇ ಇರಲಿಲ್ಲ."

"ನಿಮಗೆ ಮೊದಲಿಂದಲೂ ಗೊತ್ತಿತ್ತಾ?"

"ಶಾಲೆ ಹೆಸರು ಓದೋಕೆ ಬರುತ್ತಲ್ಲ ನನಗೆ."

"ಮತ್ತೆ ಯಾಕೆ...?"

"ನಿನ್ನ ಅರ್ಜೀಲಿ ಒಂದೂ ತಿದ್ದು ಇರಲಿಲ್ಲ. ಅಷ್ಟೇ. ಎರಡು ವಾರ ಅದನ್ನ ತೆಗೆದು ತೆಗೆದು ನೋಡಿದೆ. ಇಂಥ ಅಕ್ಷರನ ಕಸಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ. ನನ್ನನ್ನ ಧರ್ಮಾತ್ಮ ಅಂತ ತಿಳ್ಕೋಬೇಡ, ಅದೇ ಸಲ ಇನ್ನೂ ಎಂಟು ಜನರದ್ದು ಬಲಗಡೆನೇ ಬಿಟ್ಟೆ." ಮತ್ತೆ ಒಂದು ಗಂಟು ಬಿಚ್ಚಿದರು. "ಆಮೇಲೆ ಸೂಜಿ ಡಬ್ಬಿನ ನಿನ್ನ ಕೈಗೇ ಕೊಟ್ಟೆ. ಇವಳಿಗೆ ಆ ಕಷ್ಟ ಗೊತ್ತಿರುತ್ತೆ, ವರ್ಷಕ್ಕೆ ಒಂದಾದ್ರೂ ಈ ಕಡೆಗೆ ತರ್ತಾಳೆ ಅಂದ್ಕೊಂಡಿದ್ದೆ. ಎಷ್ಟು ತಂದೆ?"

ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸುತ್ತಿದ್ದರು, ಅದರ ಕಟಕಟ ಮಾತ್ರ ಕೇಳುತ್ತಿತ್ತು. ಮುದುಕರು ಶ್ರವಣಯಂತ್ರ ಕೆಟ್ಟಿತೆಂದು ತಿಳಿದು ಅದನ್ನು ಬೆರಳಿನಿಂದ ಎರಡು ಸಲ ತಟ್ಟಿದರು.

"ಕೇಳಿಸ್ಲಿಲ್ಲಮ್ಮ. ಎಷ್ಟು ಅಂದೆ?"

ಮನೆಗೆ ಬಂದಾಗ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. ಆಕೆ ಪಕ್ಕದಲ್ಲಿ ಕುಸಿದು ಕುಳಿತಳು.

"ಸ್ವಲ್ಪ ಆ ಕಡೆ ಕೂತ್ಕೊಳೇ ಮಾರಾಯ್ತಿ," ಎಂದ. "ನಿನ್ನ ಎದೆಬಡಿತಕ್ಕೆ ನನ್ನ ಗಡಿಯಾರಗಳೆಲ್ಲ ಮುಂದೆ ಓಡ್ತಾ ಇವೆ." ಆಕೆ ನಗದ್ದನ್ನು ಕಂಡು ಭೂತಗನ್ನಡಿ ತೆಗೆದ. ಎಲ್ಲವನ್ನೂ ಕೇಳಿದ ಮೇಲೆ ಗಡಿಯಾರವನ್ನು ಪಕ್ಕಕ್ಕಿಟ್ಟ. "ಹದಿನಾಲ್ಕು ತಿಂಗಳು. ಬಾಯಿ ಮುಚ್ಚಿಕೊಂಡಿದ್ರೆ ದಾಟಿಬಿಡ್ತೀಯ. ಹೇಳಿದ್ರೆ ನಿನ್ನನ್ನ ಎರಡೂ ಕಡೆಯವರು ಸೇರಿ ಹರಿದು ತಿಂತಾರೆ. ಹಳಿಯಾಚೆಯವರಿಗೆ ನೀನು ಚುಚ್ಚಿದವಳು, ಈಚೆಯವರಿಗೆ ನೀನು ಮೋಸ ಮಾಡಿದವಳು."

"ಗೊತ್ತು."

"ಗೊತ್ತಿದ್ರೆ ಸರಿ," ಎಂದು ಅವನು ಗಡಿಯಾರಕ್ಕೆ ಮರಳಿದ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ತನಿಖಾಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಒಂದು ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ಚಹಾ ಬೇಡವೆಂದರು, ಒಂದು ಸ್ಟೂಲು ಕೇಳಿ ಅದರ ಮೇಲೆ ಆ ಪಾದವನ್ನಿಟ್ಟರು, ಅರ್ಜಿಗಳ ಮೊದಲ ಕಟ್ಟು ಬಿಚ್ಚಿದರು. ಹತ್ತು ಹಾಳೆ ತಿರುವಿದರು. ಇನ್ನೊಂದು ಕಟ್ಟು ಬಿಚ್ಚಿ ಹತ್ತು ತಿರುವಿದರು.

"ಇದೇನು, ಎಲ್ಲಾ ಅರ್ಜಿಗೂ ಕಿವಿ ಕತ್ತರಿಸಿದೆ?"

"ಇಲಿ ಕಾಟ ಮೇಡಂ," ಎಂದರು ಕಾರ್ಯದರ್ಶಿಗಳು. "ಹಳೇ ಕಟ್ಟಡ ನೋಡಿ."

"ಬಹಳ ಶಿಸ್ತಿನ ಇಲಿ. ಕತ್ತರಿ, ಸ್ಕೇಲು ಎರಡೂ ತಂದಿತ್ತಾ?"

ಬಾಗಿಲಲ್ಲಿ ನಿಂತ ಜವಾನ ನಗು ತಡೆಯಲು ಹೋಗಿ ಕೆಮ್ಮಿದ. ಮೂಲೆಯ ಮೇಜಿನಲ್ಲಿದ್ದ ಟಪಾಲಕ್ಕನಿಗೆ ಆ ಕೆಮ್ಮು ತನ್ನ ಬೆನ್ನಿಗೆ ಬಿದ್ದ ಕಲ್ಲಿನಂತೆ ಕೇಳಿಸಿತು. ಅಧಿಕಾರಿ ಆವಕ ಪುಸ್ತಕವನ್ನು ಎಳೆದುಕೊಂಡು ಕೊನೆಯಿಂದ ತೆರೆದರು. ಆಗ, ಆ ಕ್ಷಣದಲ್ಲಿ, ಟಪಾಲಕ್ಕನಿಗೆ ತಾನು ಬರೆದ ಸಾಲು ನೆನಪಾಯಿತು. ಅಧಿಕಾರಿಯ ಬೆರಳು ಬುಧವಾರದ ಪುಟದಲ್ಲಿ ಮೇಲಿನಿಂದ ಕೆಳಗೆ ಬಂದು ನಿಂತಿತು.

"ಮೊಹರಿನ ತುಂಡುಗಳು, ನಾನೂರ ಹನ್ನೆರಡು, ಲಕೋಟೆ ಒಂದು," ಎಂದು ಅವರು ಗಟ್ಟಿಯಾಗಿ ಓದಿದರು. "ಈ ಲಕೋಟೆ ಎಲ್ಲಿ?"

ಕಾರ್ಯದರ್ಶಿಗಳು ಮೆಲ್ಲಗೆ ಟಪಾಲಕ್ಕನ ಕಡೆ ತಿರುಗಿದರು. ಅವರ ಧ್ವನಿ ಎಂದಿಗಿಂತ ಮೃದುವಾಗಿತ್ತು.

"ಅದನ್ನ ಕಸದ ಜೊತೆ ಸುಟ್ಟುಬಿಟ್ರಿ, ಅಲ್ವಾ ಟಪಾಲಕ್ಕ?"

ದಾರಿ ತೆರೆದಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಪುಸ್ತಕದಲ್ಲಿ ಸಂಖ್ಯೆಗಳಿದ್ದವು, ಹೆಸರು ವಿಳಾಸಗಳಿದ್ದವು. ಆದರೆ ಯಾವ ಅರ್ಜಿಗೆ ಎಲ್ಲಿ ಸೂಜಿ ಬಿದ್ದಿತ್ತೆಂಬುದು ಆ ತುಂಡುಗಳಲ್ಲಿ ಮಾತ್ರ ಉಳಿದಿತ್ತು. ತುಂಡುಗಳಿಲ್ಲದಿದ್ದರೆ ಕತ್ತರಿಸಿದ ಕಾಗದಗಳ ಬಗ್ಗೆ ಒಂದು ಛೀಮಾರಿ, ಅಷ್ಟೇ. ಹದಿನಾಲ್ಕು ತಿಂಗಳು ದಾಟುತ್ತಿತ್ತು. ಟಪಾಲಕ್ಕ ಬಾಯಿ ತೆರೆದಳು. ಎಷ್ಟು ಅಂದೆ, ಎಂದು ಯಾರೋ ಕಿವಿ ತಟ್ಟಿಕೊಂಡು ಕೇಳಿದಂತಾಯಿತು.

"ಇಲ್ಲ ಸರ್," ಎಂದಳು. "ಸಂಖ್ಯೆ ಬಿದ್ದ ಕಾಗದ ನಾನು ಸುಡಲ್ಲ."

ಬೀಗದ ಕೈ ಬೀಗಕ್ಕೆ ಹೋಗಲಿಲ್ಲ. ಮೂರು ಸಲ ತಪ್ಪಿತು. ಜವಾನ ಹತ್ತಿರ ಬಂದು, "ಕೊಡಿ ಅಕ್ಕ, ನಾನು ತೆಗೀತೀನಿ," ಎಂದ.

"ಬೇಡಪ್ಪ. ನಾನೇ ತೆಗೀಬೇಕು."

ಅಧಿಕಾರಿ ಲಕೋಟೆ ಬಿಚ್ಚಿ ತುಂಡುಗಳನ್ನು ಮೇಜಿನ ಮೇಲೆ ಸುರಿದರು. ತೂತಿದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ತೂತಿದ್ದ ಮೊದಲ ಹನ್ನೆರಡು ಸಂಖ್ಯೆಗಳನ್ನು ಪುಸ್ತಕದೊಡನೆ ತಾಳೆ ನೋಡಿದರು. ಹನ್ನೆರಡಕ್ಕೆ ಹನ್ನೆರಡೂ ಹಳಿಯಾಚೆಯ ವಿಳಾಸ. ಅವರ ಮುಖದಲ್ಲಿ ಅದುವರೆಗೆ ಇದ್ದ ತಮಾಷೆ ಇಳಿದುಹೋಯಿತು.

"ಈ ಸೂಜಿ ಚುಚ್ಚಿದ್ದು ಯಾರು?"

"ನಾನು."

"ಹೇಳಿದ್ದು?"

"ಇವರು. ಇವರಿಗಿಂತ ಮುಂಚೆ ಇವರ ತಂದೆ. ಬರೆದು ಕೊಟ್ಟಿಲ್ಲ."

"ಟಪಾಲಕ್ಕ!" ಎಂದರು ಕಾರ್ಯದರ್ಶಿಗಳು. "ಏನು ಮಾತಾಡ್ತಾ ಇದ್ದೀರ ಅನ್ನೋದು ಗೊತ್ತಾ? ಅನುದಾನ ನಿಂತ್ರೆ ಅರವತ್ತು ಹಾಸಿಗೆ ಖಾಲಿ ಆಗುತ್ತೆ. ಆ ಹಳಿಯಾಚೆ ಹೆಂಗಸರೇ ಬೀದೀಲಿ ಹೆರಬೇಕಾಗುತ್ತೆ. ಅದರ ಪಾಪ ನಿಮಗೆ."

ಮೂರು ರಾತ್ರಿ ಆಕೆಯ ನಿದ್ದೆ ಕೆಡಿಸಿದ್ದ ಭಯವೂ ಅದೇ. ಆಕೆ ಅಧಿಕಾರಿಯ ಮುಖ ನೋಡಿದಳು. ಅವರು ಊದಿದ ಪಾದವನ್ನು ಸ್ಟೂಲಿನ ಮೇಲೆ ಸ್ವಲ್ಪ ಸರಿಸಿ, ಯಾರ ಕಡೆಗೂ ನೋಡದೆ ಹೇಳಿದರು. "ಹನ್ನೊಂದನೇ ಕಲಮು ಓದಿ ಸ್ವಾಮಿ. ಅನುದಾನ ನಿಲ್ಲಿಸೋದು ಮೊದಲ ಹೆಜ್ಜೆ ಅಲ್ಲ. ಕೈಬಿಟ್ಟವರನ್ನ ಮತ್ತೆ ಕರೆದು ಸಂದರ್ಶನ ಮಾಡೋದು ಮೊದಲ ಹೆಜ್ಜೆ. ಹಾಸಿಗೆ ತೋರಿಸಿ ಹೆದರಿಸಬೇಡಿ."

ಟಪಾಲಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಇನ್ನೂ ಒಂದು ಮಾತು ಉಳಿದಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

"ಮೇಡಂ, ಇನ್ನೊಂದು ಬರ್ಕೊಳ್ಳಿ. ನಾನೂ ಹಳಿಯಾಚೆಯವಳೇ."

ಇಪ್ಪತ್ತು ವರ್ಷಗಳಿಂದ ಹಳಿಯಾಚೆಯವರ ಮೇಲೆ ಹಾಸ್ಯ ಮಾಡಿ ಆಕೆಯನ್ನು ನಗಿಸಲು ನೋಡುತ್ತಿದ್ದ ಜವಾನನ ಕೈಯಲ್ಲಿ ತಟ್ಟೆ ಓರೆಯಾಯಿತು. ಲೋಟಗಳು ಬೀಳಲಿಲ್ಲ. ಅವನು ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಮೌನವಾಗಿ ಹೊರಗೆ ಹೋದ.

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ಯುಕ್ತ. ಅಧಿಕಾರಿ ತುಂಡುಗಳಿಗೆ ರಸೀದಿ ಕೊಟ್ಟರು. ಸಂಖ್ಯೆ ನಾನೂರ ಹನ್ನೆರಡೇ ಇತ್ತು. ಕಾಯಿದೆ ಬಂದ ಮೇಲಿನ ಹತ್ತೊಂಬತ್ತು ಅರ್ಜಿದಾರರನ್ನು ಅರವತ್ತು ದಿನಗಳೊಳಗೆ ಕರೆಯಬೇಕೆಂದು ಆದೇಶವಾಯಿತು. ಬಂದವರು ಹದಿನಾಲ್ಕು, ಕೆಲಸ ಸಿಕ್ಕಿದ್ದು ಆರು ಮಂದಿಗೆ. ಅದಕ್ಕೂ ಹಿಂದಿನ ನೂರ ಹನ್ನೆರಡು ಮಂದಿಯ ಗತಿಯೇನೆಂದು ಯಾವ ಕಲಮೂ ಹೇಳುವುದಿಲ್ಲ. ಅದು ಆ ಕಾಯಿದೆಯ ದೋಷ, ಅದನ್ನು ಬರೆದವರು ಉತ್ತರಿಸಬೇಕು. ಕಾರ್ಯದರ್ಶಿಗಳು ಅನಾರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಸಲ್ಲಿಸಿದರು. ಟಪಾಲಕ್ಕನಿಗೆ ಆರೋಪಪಟ್ಟಿ ಬಂತು, ಟಪಾಲು ಮೇಜು ಹೋಯಿತು. ಉಳಿದ ಹದಿನಾಲ್ಕು ತಿಂಗಳನ್ನು ಆಕೆ ದಾಖಲೆ ಕೋಣೆಯಲ್ಲಿ ಒಬ್ಬಳೇ ಕಳೆದಳು. ಚಹಾ ತರುವವರಿರಲಿಲ್ಲ. ಇದಾವುದನ್ನೂ ಆಕೆ ಅನ್ಯಾಯವೆಂದು ಕರೆಯಲಿಲ್ಲ.

ಆದರೆ ಆ ಗುರುವಾರದ ಸಂಜೆ ಇದೊಂದೂ ಗೊತ್ತಿರಲಿಲ್ಲ. ಕಚೇರಿ ಬಿಟ್ಟಾಗ ಐದು ಗಂಟೆ ಇಪ್ಪತ್ತು ನಿಮಿಷ, ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಟಪಾಲಕ್ಕ ಸೌದೆ ಡಿಪೋದ ನಿಲ್ದಾಣದಲ್ಲಿ ಇಳಿಯಲಿಲ್ಲ. ಮುಂದಿನದರಲ್ಲಿ ಇಳಿದಳು. ಗೇಟು ಹಾಕಿತ್ತು. ಸೈಕಲುಗಳ, ಕೈಗಾಡಿಗಳ, ತಲೆಹೊರೆಗಳ ನಡುವೆ ನಿಂತು ಕಾದಳು. ಸಾಮಾನಿನ ರೈಲು ಉದ್ದವಾಗಿತ್ತು, ಮುಗಿಯಲೇ ಇಲ್ಲವೆನ್ನಿಸಿತು. ಕಚೇರಿಯಲ್ಲಿ ಕೇಳಿದ ಅಧಿಕಾರಿ ಅಪರಿಚಿತರು. ಇಲ್ಲಿ ಕೇಳಬೇಕಾದವಳು ಎತ್ತಿ ಆಡಿಸಿದ ಮಗು.

ಬಾಗಿಲು ತೆರೆದದ್ದು ತಂಗಿಯ ಮಗಳೇ. ಆಗತಾನೇ ಬಸ್ಸಿಳಿದು ಬಂದಿದ್ದಳು, ಹೆಗಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

"ಇದೇನು ದೊಡ್ಡಮ್ಮ, ಮುಂಬಾಗಿಲಿಂದ ಬಂದಿದ್ದೀರ! ಹಿತ್ತಲ ದಾರಿ ಮರೆತುಹೋಯ್ತಾ?"

"ಒಳಗೆ ಬರೋಕೆ ಮುಂಚೆ ಒಂದು ಮಾತು ಹೇಳ್ಬೇಕು. ಕೇಳಿದ ಮೇಲೆ ಒಳಗೆ ಕರೀಬೇಕೋ ಬೇಡವೋ ನೀನು ಹೇಳು."

ಹೊಸ್ತಿಲ ಈಚೆ ನಿಂತೇ ಟಪಾಲಕ್ಕ ಹೇಳಿದಳು. ಸೂಜಿ, ಮೂಲೆ, ಎರಡು ಅರ್ಜಿ, ಎರಡು ದಿನಾಂಕ. ಜಾಗ ಭರ್ತಿಯಾಗಿತ್ತೆಂದು ಹೇಳಿದ್ದು ಸುಳ್ಳೆಂಬುದನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಹುಡುಗಿಯ ಮುಖದಿಂದ ನಗು ಹೋಯಿತು. ಆಮೇಲೆ ಬಣ್ಣ ಹೋಯಿತು.

"ದಿನಾ ನಾಲ್ಕು ತಾಸು ಬಸ್ಸು," ಎಂದಳು ಕೊನೆಗೆ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ. "ನಾನು ಏನೋ ತಪ್ಪು ಬರೆದಿದ್ದೀನಿ ಅಂದ್ಕೊಂಡು ಆ ಅರ್ಜಿ ನಕಲನ್ನ ಎಷ್ಟು ಸಲ ಓದಿದೀನಿ ಗೊತ್ತಾ?"

"ನೀನು ಏನೂ ತಪ್ಪು ಬರೆದಿಲ್ಲ. ಒಂದೂ ತಿದ್ದು ಇರಲಿಲ್ಲ."

ಬೀದಿಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು. ಹುಡುಗಿ ದೊಡ್ಡಮ್ಮನನ್ನು ಮೊದಲ ಸಲ ನೋಡುವವಳಂತೆ ಬಹಳ ಹೊತ್ತು ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.

"ನಿಮ್ಮ ಅರ್ಜೀಲಿ?" ಎಂದು ಕೇಳಿದಳು. "ನಿಮ್ಮದರಲ್ಲಿ ಸೂಜಿ ಎಲ್ಲಿತ್ತು?"

"ಎರಡೂ ಕಡೆ," ಎಂದಳು ಟಪಾಲಕ್ಕ, ಮತ್ತು ಹೊಸ್ತಿಲ ಈಚೆಯೇ ಕಾದು ನಿಂತಳು.